ಏಳು ಹೊಲಿಗೆ

"ಬಾಯಿ ಹೊಲಿದ ಮೀನು ಸಿಕ್ಕಿದ್ರೆ ಹಾಗೇ ನೀರಿಗೆ ಬಿಟ್ಬಿಡಿ ಡಾಕ್ಟ್ರೇ. ದಾರ ಮಾತ್ರ ಮುಟ್ಬೇಡಿ."

ಮರದ ಮನೆಯ ಬೀಗ ತೆಗೆಯುತ್ತ ಕಾವಲಿನ ಮುದುಕ ಹೀಗೆಂದಾಗ ಡಾಕ್ಟರು ನಕ್ಕುಬಿಟ್ಟರು. ಇಪ್ಪತ್ತು ವರ್ಷ ಜನರ ಹೊಟ್ಟೆ ಕುಯ್ದು ಹೊಲಿದವರು. ತಮ್ಮ ಹೊಲಿಗೆಯ ಬಗ್ಗೆ ಅವರಿಗಿದ್ದದ್ದು ಸಣ್ಣ ಜಂಬವಲ್ಲ. ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಹೆಂಡತಿಯೊಂದಿಗೆ ನಾಲ್ಕು ದಿನ ಮೀನು ಹಿಡಿಯಲು ಈ ಕಾಡಿನ ಸರೋವರಕ್ಕೆ ಬಂದಿದ್ದರು.

"ಯಾರಪ್ಪಾ ಹೊಲಿದಿದ್ದು? ನಮ್ಮ ಆಸ್ಪತ್ರೆಗೆ ಕಳಿಸು, ಕೆಲಸ ಕೊಡ್ತೀನಿ."

ಮುದುಕ ನಗಲಿಲ್ಲ. "ಹೆಸರು ಹಿಡಿದು ಕೊಲ್ಲೋ ಮಾಟ ಅದು. ಹೆಸರು ಬಾಯಿಂದ ಬಂತು ಅಂದ್ರೆ ಆ ಮನುಷ್ಯ ಹೋದ. ಅದನ್ನ ಮೀನಿನ ಬಾಯಲ್ಲಿಟ್ಟು ಹೊಲಿದಿದ್ದಾರೆ. ದಾರ ಒದ್ದೆಯಾಗಿರೋವರೆಗೂ ಗಟ್ಟಿ. ಒಣಗಿದ್ರೆ ಹರಿಯುತ್ತೆ."

"ರೀ, ಅಜ್ಜ ಹೇಳಿದ್ದು ಕೇಳಿಸ್ತಾ?" ಹೆಂಡತಿ ತೋಳು ಹಿಡಿದಳು. ನಿನ್ನ ಮಾತಿಗೆ ಮೀನೆಲ್ಲ ಓಡಿಹೋಗುತ್ತವೆ ಎಂದು ಡಾಕ್ಟರು ದಾರಿಯುದ್ದಕ್ಕೂ ಅವಳನ್ನು ರೇಗಿಸುತ್ತ ಬಂದಿದ್ದರು.

"ನಿನ್ನ ಬಾಯಿಗೂ ನಾಲ್ಕು ಹೊಲಿಗೆ ಹಾಕ್ತೀನಿ ನೋಡು."

ಅವಳೂ ನಕ್ಕಳು, ಪಾಪ.

ಮರುದಿನ ಬೆಳಿಗ್ಗೆ ಸರೋವರದ ಮೇಲೆ ದಟ್ಟ ಮಂಜು. ಕೊಳೆತ ಎಲೆಯ ವಾಸನೆ, ಪಾಚಿಯ ವಾಸನೆ. ಒಂದು ಹಕ್ಕಿಯ ಸದ್ದೂ ಇಲ್ಲ. ಡಾಕ್ಟರು ಒಬ್ಬರೇ ದೋಣಿಯಲ್ಲಿದ್ದರು. ಗಾಳ ಜಗ್ಗಿತು. ಎಳೆದರೆ ಮೊಳದುದ್ದದ ಕಪ್ಪು ಮೀನು. ಕೊಕ್ಕೆ ಸಿಕ್ಕಿದ್ದು ಬಾಯಿಗಲ್ಲ, ಹೊಟ್ಟೆಯ ಕೆಳಗಿನ ರೆಕ್ಕೆಗೆ. ಬಾಯಿಗೆ ಏಳು ಹೊಲಿಗೆ ಬಿದ್ದಿದ್ದವು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಎಂಥಾ ಕೊಳಕು ಕೆಲಸ," ಎಂದು ಮುಖ ಸಿಂಡರಿಸಿ, ಔಷಧದ ಪೆಟ್ಟಿಗೆಯಿಂದ ಕತ್ತರಿ ತೆಗೆದು ಏಳನ್ನೂ ಕತ್ತರಿಸಿದರು. ಮೀನು ಬಾಯಿ ತೆರೆದು ಒಮ್ಮೆ ಉಸಿರುಬಿಟ್ಟಿತು. ಬಹುಕಾಲ ಮುಚ್ಚಿಟ್ಟ ಕೋಣೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

ಮಧ್ಯಾಹ್ನ ಹೆಂಡತಿ ಅದನ್ನು ಹುರಿದಳು. ಹೊಲಿಗೆಯ ವಿಷಯ ಡಾಕ್ಟರು ಹೇಳಿರಲಿಲ್ಲ. ಊಟವಾದ ಮೇಲೆ ಹೇಳಿ ಅವಳನ್ನು ಹೆದರಿಸಿ ನಗಬೇಕೆಂದಿದ್ದರು.

ಡಾಕ್ಟರು ಇನ್ನೂ ಮೀನಿಗೆ ಕೈಹಾಕಿರಲಿಲ್ಲ. ಎರಡನೇ ತುಂಡು ನುಂಗುತ್ತಲೇ ಅವಳು ಹಾಗೇ ಸ್ತಬ್ಧಳಾದಳು. ಕಣ್ಣು ಮಿಟುಕಲಿಲ್ಲ. ಬಾಯಿ ತಾನಾಗಿ ತೆರೆಯಿತು. ಅವಳದಲ್ಲದ, ಕೆಸರು ತುಂಬಿದ ದನಿಯಲ್ಲಿ ಯಾವುದೋ ಗಂಡಸಿನ ಹೆಸರು ಹೊರಬಂತು.

ಅಂಗಳದಲ್ಲಿ ಸೌದೆ ಒಡೆಯುವ ಸದ್ದು ನಿಂತಿತು.

ಡಾಕ್ಟರು ಓಡಿದರು. ಮುದುಕ ಬೋರಲು ಬಿದ್ದಿದ್ದ. ನಾಡಿ ಇರಲಿಲ್ಲ. ಅವನ ಹೆಸರೇನೆಂದು ಅವರಿಬ್ಬರೂ ಕೇಳಿಯೇ ಇರಲಿಲ್ಲ. ಕೊಡಲಿಯ ಕಾವಿನ ಮೇಲೆ ಕೆತ್ತಿತ್ತು. ಅದೇ ಹೆಸರು.

ಒಳಗಿನಿಂದ ಇನ್ನೊಂದು ಹೆಸರು ಕೇಳಿತು. ಅವಳ ತಮ್ಮನದು.

ಎರಡೂ ಕೈಯಿಂದ ಬಾಯಿ ಅದುಮಿಕೊಂಡು ಅವಳು ಗೋಡೆಗೊರಗಿ ಅಳುತ್ತಿದ್ದಳು. ಬೆರಳುಗಳನ್ನು ನೂಕಿಕೊಂಡು ತುಟಿ ಬಿರಿಯುತ್ತಿತ್ತು. ಮಗಳ ಹೆಸರಿನ ಮೊದಲ ಅಕ್ಷರ ಮೂಡತೊಡಗಿತು. ಅವಳು ಹಲ್ಲು ಕಚ್ಚಿದಳು. ಕಾಲಿನಿಂದ ಔಷಧದ ಪೆಟ್ಟಿಗೆಯನ್ನು ಗಂಡನತ್ತ ತಳ್ಳಿದಳು.

ಮರಗಟ್ಟಿಸುವ ಮದ್ದಿರಲಿಲ್ಲ. ಸೂಜಿಯಿತ್ತು. ದಾರವಿತ್ತು. ಒಂದು. ಎರಡು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೊಲಿಗೆ ಸೊಟ್ಟಗೆ ಬಿತ್ತು. ಅವಳು ಅಲುಗಾಡಲಿಲ್ಲ. ಐದು. ಆರು. ಏಳು.

ಹೆಸರು ಒಳಗೇ ನಿಂತಿತು.

ಬಿಸಿಲು ಕಿಟಕಿಯಿಂದ ನೇರ ಅವಳ ಮುಖಕ್ಕೆ ಬಿದ್ದಿತ್ತು. ದಾರ ಒಣಗುತ್ತಿತ್ತು. ಡಾಕ್ಟರು ಅವಳನ್ನು ಎತ್ತಿಕೊಂಡು ದೋಣಿಗೆ ಓಡಿದರು. ಹುಟ್ಟು ಹಾಕಿದರು. ದಡ ದೂರವಾಯಿತು. ನಡುನೀರು. ಅವಳು ಕರವಸ್ತ್ರ ತೆಗೆದು ನೀರಿನತ್ತ ಬಾಗಿದಳು. ಚಟ್. ಒಂದು ಹೊಲಿಗೆ ಹರಿಯಿತು. ಮತ್ತೆ ಆ ಅಕ್ಷರ. ಡಾಕ್ಟರು ಕಣ್ಣು ಮುಚ್ಚಿದರು. ಎರಡೂ ಕೈಯಿಂದ ಬೆನ್ನು ಹಿಡಿದು ನೂಕಿದರು.

ಅವಳಿಗೆ ಈಜು ಬರುತ್ತಿರಲಿಲ್ಲ. ಕೂಗಲು ಬಾಯಿಯೂ ಇರಲಿಲ್ಲ.

ನೀರು ಸುಮ್ಮನಾದ ಮೇಲೆ ಕರವಸ್ತ್ರ ಒಂದೇ ತೇಲಿಬಂತು. ಡಾಕ್ಟರು ಎತ್ತಿಕೊಂಡರು. ಅದನ್ನು ಅವಳು ನಾಲ್ಕು ಮಡಿಕೆ ಮಾಡಿದ್ದಳು, ತುಟಿಯ ಮೇಲೆ ಒತ್ತಿಕೊಳ್ಳಲು ಸರಿಯಾಗುವಷ್ಟು. ಆಗ ಅವರಿಗೆ ಮುದುಕನ ಮಾತು ನೆನಪಾಯಿತು. ದಾರ ಒದ್ದೆಯಾಗಿರಬೇಕು ಎಂದಷ್ಟೇ ಅವನು ಹೇಳಿದ್ದ. ಮುಳುಗಿಸಬೇಕು ಎಂದಿರಲಿಲ್ಲ.