ಟಗರುತಲೆಯ ಕೋಲು

“ಅತ್ತೆ, ಪಾದ್ರಿಗಳು ಬಂದಿದ್ದಾರೆ. ಇವತ್ತಾದ್ರೂ ಏಳಿ.”

ಬರ್ಗಿತ್ ಹಾಗೆಂದಾಗ ಮಂಚದಲ್ಲಿದ್ದ ಯೋರುನ್ ಗೋಡೆಯ ಕಡೆಗೆ ಹೊರಳಿದಳು. ಹುಲ್ಲುಹೆಂಟೆಗಳನ್ನು ಪೇರಿಸಿ ಕಟ್ಟಿದ ಆ ಒಂದೇ ಕೋಣೆಯ ಮನೆಯಲ್ಲಿ ಮುಖ ಮರೆಸಿಕೊಳ್ಳಲು ಬೇರೆ ಜಾಗವಾದರೂ ಎಲ್ಲಿತ್ತು?

“ನಾನು ಬರಲ್ಲ. ನೀವು ಹೋಗ್ಬನ್ನಿ.”

“ಮೊಮ್ಮಗನ ಮಣ್ಣಿಗೂ ಬರಲ್ವಾ?”

“ಮೊಣಕಾಲು ಆಗಲ್ಲ ಅಂದ್ನಲ್ಲ.”

“ಕೋಲು ಸುಟ್ಟುಹೋಯ್ತು, ಸರಿ. ಜೊತೆಗೆ ಕಾಲೂ ಸುಟ್ಟುಹೋಯ್ತಾ?”

ಬಾಗಿಲಲ್ಲಿದ್ದ ಗಂಡ ಹಾಲ್ವರ್, “ಸಾಕು ಬಿಡೇ” ಎಂದ. ಮುದುಕಿ ಮಾತ್ರ ತಿರುಗದೆಯೇ, “ಬೈಲಿ ಬಿಡೋ. ಆರು ತಿಂಗಳಿಂದ ಗಂಟಲಲ್ಲೇ ಇಟ್ಕೊಂಡಿದ್ಲು” ಎಂದಳು.

ಎಷ್ಟು ವರ್ಷ ಕಳೆದರೂ ಆ ಬೆಳಗಿನ ತನ್ನ ಮಾತನ್ನು ಬರ್ಗಿತ್ ಮರೆಯಲಿಲ್ಲ. ಈಗ ಅದೇ ಬಯಲಿನಲ್ಲಿ ಇಗರ್ಜಿ ಎದ್ದಿದೆ, ಗಂಟೆ ಬಾರಿಸುತ್ತದೆ, ತಲೆ ನರೆತ ಅವಳು ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಆದರೂ ಕಣ್ಣು ಮುಚ್ಚಿದರೆ ಹುರಿದ ಬಾರ್ಲಿಯ ಕಾಫಿಯ ವಾಸನೆ, ಒದ್ದೆ ಮಣ್ಣಿನ ಗೋಡೆ, ಆ ಮುದುಕಿಯ ಬೆನ್ನು...

ಆಗ ಅವರು ನಾರ್ವೆಯಿಂದ ಅಮೆರಿಕದ ಡಕೋಟಕ್ಕೆ ಬಂದು ಎರಡು ವರ್ಷವಾಗಿತ್ತು. ಮೊದಲ ಗೋಧಿಯನ್ನು ಮಿಡತೆ ತಿಂದವು. ಎರಡನೆಯ ಬೇಸಿಗೆಯ ಕೊನೆಗೆ ಒಂಬತ್ತು ತಿಂಗಳ ಈವಾರ್ ಜ್ವರದಲ್ಲಿ ಹೋದ. ಪಾದ್ರಿ ಬರುತ್ತಿದ್ದುದು ವರ್ಷಕ್ಕೊಮ್ಮೆ. ಅವರ ಹಳೆಯ ಊರಿನಲ್ಲಿ, ಪಾದ್ರಿ ಸಿಗದ ಚಳಿಗಾಲಗಳಲ್ಲಿ, ಹೆಣದ ಪೆಟ್ಟಿಗೆಯ ಮೇಲೊಂದು ಗಳ ನಿಲ್ಲಿಸಿ ಸುತ್ತ ಮಣ್ಣು ಮುಚ್ಚುತ್ತಿದ್ದರು. ಪಾದ್ರಿ ಬಂದ ದಿನ ಗಳ ಕಿತ್ತು, ಆ ತೂತಿನಲ್ಲಿ ಅವರ ಕೈಯಿಂದ ಮೂರು ಸಲ ಮಣ್ಣು ಬಿದ್ದರೆ ಸತ್ತವರಿಗೆ ನೆಮ್ಮದಿ. ಮರವೇ ಇಲ್ಲದ ಬಯಲಿನಲ್ಲಿ ಹಾಲ್ವರ್ ಕುಂಟೆಯ ಹಿಡಿಯನ್ನೇ ಬಿಚ್ಚಿ ದಿಬ್ಬದಾಚೆ ಮಗುವಿನ ಮೇಲೆ ನಿಲ್ಲಿಸಿದ.

ಮಿಡತೆಯ ನಂತರ ಎಲ್ಲರೂ ಪೂರ್ವಕ್ಕೆ ಹಿಂದಿರುಗುತ್ತಿದ್ದರು. “ನಾವೂ ಹೋಗೋಣ” ಎಂದು ಹಾಲ್ವರ್ ಬೇಡಿದ.

“ಅವನ ಮೇಲೆ ಪಾದ್ರಿಗಳ ಮಣ್ಣು ಬೀಳೋವರೆಗೂ ನಾನು ಕದಲಲ್ಲ. ದೇವರು ಕಳಿಸ್ತಾನೆ” ಎಂದಳು ಬರ್ಗಿತ್.

ಅಕ್ಟೋಬರಿನಲ್ಲಿ ಬಯಲಿಗೆ ಬೆಂಕಿ ಬಿತ್ತು. ಒದ್ದೆ ಗೋಣಿ ಬಡಿದು ಬಡಿದು ಮನೆ ಉಳಿಸಿಕೊಳ್ಳುವಷ್ಟರಲ್ಲಿ ಬರ್ಗಿತ್‌ಳ ಎರಡೂ ಅಂಗೈ ಸುಟ್ಟವು, ಕಣ್ಣು ಹೊಗೆಗೆ ಊದಿ ಮುಚ್ಚಿದವು. ಹಾಲ್ವರ್ ಬೆದರಿ ಓಡಿದ ಹಸುವನ್ನು ಹುಡುಕಿ ಹೋಗಿದ್ದ. “ಅತ್ತೆ, ಗಳ... ಗಳ ನೋಡ್ಬನ್ನಿ” ಎಂದು ಬರ್ಗಿತ್ ಗೋಗರೆದಳು. ಯೋರುನ್ ಕೋಲೂರಿಕೊಂಡು ಹೋದವಳು ಕತ್ತಲಾಗುವ ಹೊತ್ತಿಗೆ ಬಂದಳು. “ನಿಂತಿದೆ” ಎಂದಳು. ತನ್ನ ಕೋಲು ಕೆಂಡಕ್ಕೆ ಬಿದ್ದು ಸುಟ್ಟಿತೆಂದಳು, ಮಲಗಿದಳು. ಲಂಗದ ಮೊಣಕಾಲು ಹರಿದು ಮಸಿಯಾಗಿತ್ತು. ಮೂರನೆಯ ದಿನ ಹಿಮ ಬಿದ್ದು ದಿಬ್ಬವೇ ಕಾಣದಾಯಿತು. ಹಿಮ ಕರಗಿದ ಮೇಲೂ ಪಾದ್ರಿಯಿಲ್ಲದೆ ಅತ್ತ ಹೋಗಲು ಬರ್ಗಿತ್‌ಗೆ ಧೈರ್ಯ ಬರಲಿಲ್ಲ.

ಆ ಚಳಿಗಾಲವೆಲ್ಲ ಬರ್ಗಿತ್ ಬಟ್ಟೆ ಸುತ್ತಿದ ಕೈಯಲ್ಲೇ ಸೌದೆಯ ಬದಲು ಒಲೆಗೆ ಹುಲ್ಲು ಹೊಸೆದಳು, ಹಸುವಿನ ಹಾಲು ಕರೆದಳು, ಅತ್ತೆಗೆ ಗಂಜಿ ಕೊಟ್ಟಳು. ಸಂಜೆ ಪ್ರಾರ್ಥನೆಗೆ ಕೈ ಮಡಚಲು ಬರುತ್ತಿರಲಿಲ್ಲ. ದಿಬ್ಬದ ಕಡೆ ತಿರುಗಿ, ಗಳ ನಿಂತಿದೆ, ಗಳ ನಿಂತಿದೆ ಎಂದುಕೊಳ್ಳುತ್ತಿದ್ದಳು. ಅಷ್ಟೇ ಅವಳ ಪ್ರಾರ್ಥನೆಯಾಗಿತ್ತು. ಹಿಂದಿನಿಂದ ಅತ್ತೆಯ ‘ಆಮೆನ್’ ಕೇಳಿದರೆ ಮಾತ್ರ ಮೈ ಉರಿಯುತ್ತಿತ್ತು. ಬಿದ್ದುಕೊಂಡು ಆಮೆನ್ ಅನ್ನಲು ಏನು ಕಷ್ಟ...

ಪಾದ್ರಿ ಬಂದ ಆ ಬೆಳಿಗ್ಗೆ ಅವರೂ ಗಂಡ ಹೆಂಡತಿಯೂ, ಮೂವರೂ ದಿಬ್ಬ ಹತ್ತಿ ಇಳಿದರು. ಕಪ್ಪು ನೆಲದಲ್ಲಿ ಎಳೆಹುಲ್ಲು ಮೂಡಿತ್ತು. ಕುಂಟೆಯ ಹಿಡಿ ಎಲ್ಲೂ ಇರಲಿಲ್ಲ. ಬರ್ಗಿತ್ ಕೂತು ಎಳೆಹುಲ್ಲನ್ನು ಸರಿಸಿ ಸರಿಸಿ ಹುಡುಕಿದಳು. ಆರು ತಿಂಗಳು ಅವಳು ಏನನ್ನು ಹಿಡಿದು ಬದುಕಿದ್ದಳೋ ಅದು ಸುಳ್ಳಾಗಿತ್ತು.

“ಇದೇನಮ್ಮ ಇಲ್ಲಿ?” ಎಂದರು ಪಾದ್ರಿ.

ಹುಲ್ಲಿನ ನಡುವೆ ಮರದ ಪುಟ್ಟ ಟಗರಿನ ತಲೆಯೊಂದು ಅವಳನ್ನೇ ನೋಡುತ್ತಿತ್ತು. ಯೋರುನ್‌ಳ ಗಂಡ ಕೆತ್ತಿಕೊಟ್ಟ ಕೋಲಿನ ಹಿಡಿ! ಪಕ್ಕದಲ್ಲಿ ಕಿತ್ತೆಸೆದ ಗಳದ ಸುಟ್ಟ ಮೋಟು ಬಿದ್ದಿತ್ತು. ಮಣ್ಣು ಕುಸಿದು ತೂತು ಮುಚ್ಚುವ ಮೊದಲೇ ಮುದುಕಿ ತನ್ನ ಕೋಲನ್ನು ಅಲ್ಲಿ ಇಳಿಸಿ, ಬಿಸಿ ಬೂದಿಯಲ್ಲಿ ಮೊಣಕಾಲೂರಿ ತೆವಳಿಕೊಂಡು ಮನೆಗೆ ಬಂದಿದ್ದಳು.

ಬರ್ಗಿತ್ ಎದ್ದಳು. “ಒಂದು ಗಳಿಗೆ ತಾಳಿ ಪಾದ್ರಿಗಳೇ” ಎಂದವಳೇ ದಿಬ್ಬದ ಕಡೆ ಓಡಿದಳು.

ಮಂಚದ ಬಳಿ ಬೆನ್ನು ತಿರುಗಿಸಿ ಕುಕ್ಕರಿಸಿದಳು. “ಹತ್ತಿ ಅತ್ತೆ.”

“ಹುಚ್ಚು ಹಿಡೀತಾ? ಕುರಿ ಹೊತ್ಹಾಗೆ ಹೊರ್ತೀಯಾ? ಪಾದ್ರಿಗಳು ನೋಡಿದ್ರೆ ನಗ್ತಾರೆ.”

“ನಗ್ಲಿ.”

ದಾರಿಯಲ್ಲಿ ಬರ್ಗಿತ್‌ಳ ಕಣ್ಣೀರು ಗಲ್ಲದಿಂದ ತೊಟ್ಟಿಕ್ಕಿ ಮುದುಕಿಯ ಕೈಮೇಲೆ ಬೀಳುತ್ತಿತ್ತು. “ನನಗ್ಯಾಕೆ ಹೇಳಲಿಲ್ಲ? ಅಷ್ಟೆಲ್ಲ ಅಂದ್ನಲ್ಲ ನಿಮ್ಮನ್ನ...”

“ಗಳ ಸುಟ್ಟಿತ್ತು ಅಂದಿದ್ರೆ ನೀನು ಆ ಚಳಿ ದಾಟ್ತಿದ್ಯೇನೆ? ದೇವರಿಗೆ ಕೋಲು ಬೇಡ ಕಣೇ. ಮಗು ಎಲ್ಲಿದೆ ಅಂತ ಅವನಿಗೆ ಗೊತ್ತು. ಕೋಲು ನಿನಗೆ ಬೇಕಿತ್ತು.” ಸೊಸೆಯ ಕೊರಳನ್ನು ಬಿಗಿಯಾಗಿ ಹಿಡಿದು, “ಮೆಲ್ಲಗೆ ನಡಿ. ಗಂಜಿ ಕೊಡೋವಾಗ್ಲೂ ಹೀಗೇ ಕುಲುಕಾಡಿಸ್ತೀಯ” ಎಂದಳು.

ಕೋಲನ್ನು ಅತ್ತೆ ಸೊಸೆ ಇಬ್ಬರೂ ಹಿಡಿದು ಎಳೆದರು. ತೂತು ಸ್ವಚ್ಛವಾಗಿತ್ತು. ಪಾದ್ರಿಯ ಕೈಯಿಂದ ಮೂರು ಸಲ ಮಣ್ಣು ಇಳಿಯಿತು. ಮೂರನೆಯದು ಪೆಟ್ಟಿಗೆಗೆ ತಾಗಿದ ಸದ್ದು ಮೇಲಕ್ಕೂ ಕೇಳಿತು, ಒಳಗಿನಿಂದ ಯಾರೋ ಮೆತ್ತಗೆ ಬೆರಳು ತಟ್ಟಿದ ಹಾಗೆ.

ಹೋಗುವ ಮಾತನ್ನು ಹಾಲ್ವರ್ ಆಮೇಲೆ ಎತ್ತಲಿಲ್ಲ. ಆರು ವರ್ಷದ ನಂತರ ಯೋರುನ್ ಮೊಮ್ಮಗನ ಪಕ್ಕದಲ್ಲೇ ಮಲಗಿದಳು. ಇಗರ್ಜಿ ಕಟ್ಟುವಾಗ ಅವರಿಬ್ಬರಿದ್ದ ಜಾಗವನ್ನೇ ಊರವರು ಸ್ಮಶಾನಕ್ಕೆ ಆರಿಸಿಕೊಂಡರು.

ಆ ಕೋಲನ್ನು ಈಗ ಊರುವವಳು ಬರ್ಗಿತ್. ಮಣ್ಣೊಳಗೆ ಚಳಿಗಾಲ ಕಳೆದ ಭಾಗ ಇನ್ನೂ ಕಪ್ಪಗಿದೆ. ಪ್ರತಿ ಕ್ರಿಸ್‌ಮಸ್ಸಿಗೆ ಮಗಳು, “ಅಮ್ಮಾ, ಇದನ್ನ ಉಜ್ಜಿ ಎಣ್ಣೆ ಹಚ್ಲಾ?” ಎಂದು ಕೇಳುತ್ತಾಳೆ.

“ಮೇಲೆ ಬೇಕಾದ್ರೆ ಹಚ್ಚು” ಎನ್ನುತ್ತಾಳೆ ಬರ್ಗಿತ್, “ಕೆಳಗೆ ಮುಟ್ಬೇಡ.”