ಲೆಕ್ಕಕ್ಕೆ ಸೇರದ ಉಲ್ಲೇಖಗಳು

ಟರ್ಪೆಂಟೈನ್ ವಾಸನೆ ಬಂದರೆ ಅವಳಿಗೆ ಈಗಲೂ ಅಪ್ಪನ ಅಂಗಿ ನೆನಪಾಗುತ್ತದೆ. ಅಪ್ಪ ಮೇಜು ಕುರ್ಚಿಗಳಿಗೆ ಪಾಲಿಶ್ ಹಚ್ಚುತ್ತಿದ್ದವರು. ಸಂಜೆ ಅವರಿಗಿಂತ ಮೊದಲು ಆ ವಾಸನೆ ಮನೆಯೊಳಗೆ ಬರುತ್ತಿತ್ತು, ತುಸು ಘಾಟು, ತುಸು ತಂಪು. ಅಮ್ಮ ಮೂಗು ಮುಚ್ಚಿಕೊಂಡರೆ ಮಗಳು ಆ ತೋಳಿನಲ್ಲೇ ಮುಖ ಹುದುಗಿಸುತ್ತಿದ್ದಳು.

ಬೆಳೆದು ಸಾವಯವ ರಸಾಯನಶಾಸ್ತ್ರ ಹಿಡಿದಳು. ಅದೇ ಟರ್ಪೆಂಟೈನಿನ ಅಣುವಿನಲ್ಲಿ ಒಂದು ಕೊಂಡಿ ಬಿಚ್ಚಿ ಇನ್ನೊಂದು ಕಡೆ ಕಟ್ಟಿ, ಅದನ್ನು ಹೂವಿನ ಪರಿಮಳವಾಗಿಸುವ ದಾರಿ ಕಂಡುಕೊಂಡಳು. ಪೇಪರ್ ಅಚ್ಚಾಯಿತು. ಲೋಕ ತಿರುಗಿಯೂ ನೋಡಲಿಲ್ಲ. ಬೇರೆಯವರು ಅದನ್ನು ತಮ್ಮ ಪೇಪರುಗಳಲ್ಲಿ ಉಲ್ಲೇಖಿಸಿದ ಲೆಕ್ಕ, ಅಂದರೆ ಸೈಟೇಶನ್, ಬಹುಕಾಲ ಕೈಬೆರಳೆಣಿಕೆ ದಾಟಲಿಲ್ಲ. ಆಮೇಲೆ ಮೆಲ್ಲಗೆ ಏರಿತು. ಹೆಚ್ಚಿನವು ಒಬ್ಬನವೇ, ಎಲ್ಲೋ ದೂರದ ಲ್ಯಾಬಿನವನವು.

ಒಂದು ಬೆಳಿಗ್ಗೆ ಅವಳು ಲ್ಯಾಬಿನ ಸಿಂಕಿನಲ್ಲಿ ಫ್ಲಾಸ್ಕ್ ತೊಳೆಯುತ್ತಿದ್ದಾಗ ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ಬಾಗಿಲಲ್ಲಿ ನಿಂತ.

“ಮೇಡಂ, ಟರ್ಪೆಂಟೈನ್ ಪೇಪರ್ ಬರೆದ ದೊಡ್ಡವರ ರೂಮ್ ಯಾವುದು? ಇನ್ನೂ ರಿಟೈರ್ ಆಗಿಲ್ಲ ತಾನೇ?”

“ಯಾಕೆ ಬೇಕಿತ್ತು?”

“ಒಂದು ಥ್ಯಾಂಕ್ಸ್ ಹೇಳ್ಬೇಕು. ಆ ಅಜ್ಜನ ದಾರಿ ಹಿಡಿದೇ ನಾನು ದಡ ಸೇರಿದ್ದು.”

ಅವಳು ಒದ್ದೆ ಕೈ ಒರೆಸಿಕೊಂಡಳು. “ಆ ಅಜ್ಜ ನಾನೇ.”

ಅವನ ಕಿವಿಗಳು ಕೆಂಪಾದವು. “ಪೇಪರಲ್ಲಿ ಬರೀ ಇನಿಷಿಯಲ್ಸ್ ಇತ್ತು...” ಎಂದು ತೊದಲಿದ. ಅವಳಿಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಅವಳು ಅವನಿಗೆ ‘ಅಜ್ಜಾವ್ರು’. ಉದ್ದನೆಯ ಕಾರಿಡಾರಿನ ಆ ತುದಿಯಿಂದ “ಅಜ್ಜಾವ್ರೇ, ಕಾಫಿ?” ಎಂದು ಕೂಗಿದರೆ ಕಿಟಕಿಯ ಬಿಸಿಲಿಗೂ ಕಾಲು ಬಂದಂತಾಗುತ್ತಿತ್ತು. ಅವನು ಕಾಫಿಯ ಕಪ್ ಇಡುವಾಗ ಹಿಡಿಯನ್ನು ಅವಳ ಕಡೆಗೆ ತಿರುಗಿಸಿಯೇ ಇಡುವುದನ್ನು ಅವಳು ಗಮನಿಸಿದ್ದಳು. ಬೆರಳು ಸುಡಬಾರದಲ್ಲ.

ಇಬ್ಬರ ಕೆಲಸ ಸೇರಿಸಿದಾಗ ಹೊಸ ಪರಿಮಳವೊಂದು ಹುಟ್ಟಿತು. “ಇಬ್ಬರ ಹೆಸರಲ್ಲೂ ಪೇಪರ್ ಕಳಿಸೋಣ್ವಾ?” ಎಂದಳು. ಅವನ ಮುಖ ಬಾಡಿತು.

“ಈಗ ಬೇಡ ರೀ. ನಿಮ್ಮ ಹೆಸರಲ್ಲೇ ಹೋಗ್ಲಿ.”

ಫೋನಿನಲ್ಲಿ ಅಕ್ಕ ಸಿಡುಕಿದಳು. “ಪುಟ್ಟೀ, ಒಂದು ಹಾಳೆ ಮೇಲೆ ನಿನ್ನ ಪಕ್ಕ ಕೂರಕ್ಕೆ ಹಿಂದೆಮುಂದೆ ನೋಡೋನು ಒಂದು ಮನೇಲಿ ಕೂರ್ತಾನಾ? ಬಿಡು ಅವನನ್ನ.”

ಬಿಡಲು ಹಿಡಿದಿದ್ದರಲ್ಲವೇ? ಆದರೂ ಎದೆ ಭಾರವಾಯಿತು. ಮರುದಿನ ಮೆಟ್ಟಿಲ ಬಳಿ ಅವನನ್ನು ತಡೆದು ನೇರವಾಗಿ ಕೇಳಿದಳು. “ನನ್ನ ಹೆಸರಿನ ಪಕ್ಕ ನಿಮ್ಮ ಹೆಸರು ಬಂದ್ರೆ ಅವಮಾನವಾ?”

“ಅಯ್ಯೋ, ಏನ್ರೀ ಇದು!” ಅವನು ಕೈಯಲ್ಲಿದ್ದ ಪುಸ್ತಕಗಳನ್ನು ಮೆಟ್ಟಿಲ ಮೇಲಿಟ್ಟ. “ನಿಮ್ಮ ಬಡ್ತಿ ಸಮಿತಿ ಕೂರೋದು ಮುಂದಿನ ತಿಂಗಳು. ನಿಮ್ಮ ಸೈಟೇಶನ್‌ನಲ್ಲಿ ಮುಕ್ಕಾಲು ಪಾಲು ನಂದು. ಜೊತೆಗೊಂದು ಪೇಪರ್ ಬರೆದ್ರೆ ಇಲ್ಲಿನ ನಿಯಮದ ಪ್ರಕಾರ ನಾನು ನಿಮ್ಮ ಕಡೆಯೋನು. ನಾನು ಉಲ್ಲೇಖಿಸಿದ್ದಷ್ಟನ್ನೂ, ಹಳೇದು ಸೇರಿಸಿ, ಲೆಕ್ಕದಿಂದ ಹೊಡೆದು ಹಾಕ್ತಾರೆ. ಯಾರೋ ಅಜ್ಜ ಅಂದ್ಕೊಂಡು ಬರೆದಿದ್ದೆ ಅಂದ್ರೆ ನಂಬ್ತಾರಾ? ಸಂಬಂಧಿಕರಾದ್ರೂ ಅಷ್ಟೇ, ಅದಕ್ಕೇ ನಾನು...”



“ಸಂಬಂಧಿಕರು ಅಂದ್ರೆ? ಚಿಕ್ಕಪ್ಪನ ಮಗನಾ?”

“ಅಷ್ಟು ದೂರದ್ದಲ್ಲ,” ಎಂದ ಅವನು ತನ್ನ ಬೂಟು ನೋಡಿಕೊಳ್ಳುತ್ತ.

ಮೆಟ್ಟಿಲ ಗಾಜಿನಿಂದ ಇಳಿದ ಬೆಳಕಿನಲ್ಲಿ ಧೂಳಿನ ಕಣಗಳು ಅವಸರವೇ ಇಲ್ಲದೆ ತೇಲುತ್ತಿದ್ದವು. ಇಷ್ಟು ದಿನ ಮನಸ್ಸಿನ ಮಾತನ್ನು ಬಾಯಲ್ಲೇ ಹಿಡಿದಿಟ್ಟುಕೊಂಡಿದ್ದನಲ್ಲ ಈ ಮನುಷ್ಯ, ನನ್ನ ಅಂಕಿಯೊಂದು ಕುಸಿಯದಿರಲೆಂದು! ಅವಳ ಕಣ್ಣು ಮಂಜಾಯಿತು.

“ನೀವು ಉಲ್ಲೇಖಿಸಿದಾಗೆಲ್ಲ ನನ್ನ ಕೆಲಸಕ್ಕೆ ಜೀವ ಇದೆ ಅನ್ನಿಸ್ತಿತ್ತು. ಅದನ್ನ ಯಾವ ಸಮಿತಿ ಹೊಡೆದು ಹಾಕುತ್ತೆ? ಪೇಪರ್ ಇಬ್ಬರದ್ದು. ನನ್ನೊಬ್ಬಳ ಹೆಸರಲ್ಲಿ ಸುಳ್ಳು ಹೇಳಿ ನಾನು ಕಳಿಸಲ್ಲ.”

“ಬಡ್ತಿ ತಪ್ಪತ್ತೆ ಕಣ್ರೀ.”

“ತಪ್ಪಲಿ. ನೀವು ತಪ್ಪಿಹೋಗೋದು ಬೇಡ.”

ಪೇಪರು ಇಬ್ಬರ ಹೆಸರಿನಲ್ಲೇ ಹೋಯಿತು.

ಸಮಿತಿಯ ತೀರ್ಮಾನ ತಿಳಿದ ಮಧ್ಯಾಹ್ನ ಅವಳು ಲ್ಯಾಬಿನಲ್ಲಿ, ಮಿಶ್ರಣ ಬೇರ್ಪಡಿಸುವ ಉದ್ದನೆಯ ಗಾಜಿನ ಕೊಳವೆಯೆದುರು ಕೂತಿದ್ದಳು. ಬಡ್ತಿ ಈ ಸಲ ಇನ್ನೊಬ್ಬರಿಗೆ. ಕೊಳವೆಯೊಳಗೆ ಹಳದಿ ಪಟ್ಟಿಯೊಂದು ಹನಿಹನಿಯಾಗಿ ಇಳಿಯುತ್ತಿತ್ತು. ಕಣ್ಣು ಕಿತ್ತರೆ ಕೆಲಸ ಕೆಟ್ಟೀತೆಂದು ಬೆಳಗಿನಿಂದ ಏನೂ ತಿಂದಿರಲಿಲ್ಲ, ಅಳಲೂ ಎದ್ದಿರಲಿಲ್ಲ.

ಅವನು ಬಾಗಿಲಿಗೆ ಬಂದು, ಹೊರಗೆ ಬಾ ಎಂದು ಕಣ್ಣಲ್ಲೇ ಕರೆದ. ಲ್ಯಾಬಿನೊಳಗೆ ತಿನ್ನುವಂತಿಲ್ಲ. ಅವಳು ಎದ್ದು ಹೋದಳು. ಬಟ್ಟೆಯಲ್ಲಿ ಸುತ್ತಿದ್ದ, ಇನ್ನೂ ಬಿಸಿಯಾಗಿದ್ದ ಊಟದ ಡಬ್ಬಿಯನ್ನು ಅವಳ ಎರಡೂ ಕೈಗಳಲ್ಲಿಟ್ಟು, ತಾನು ಒಳಗೆ ಹೋಗಿ ಅವಳ ಕುರ್ಚಿಯಲ್ಲಿ ಕೂತು ಹನಿಗಳನ್ನು ನೋಡತೊಡಗಿದ.