ಬೊಮ್ಮಕ್ಕನ ಜೋಡುಕಾವಲಿ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಕೆಂಡಗಿರಿ ಎಂಬ ರಾಜ್ಯವಿತ್ತು. ಚಳಿಯ ಸೀಮೆ. ಅಲ್ಲಿನವರಿಗೆ ಕುರಿಯೇ ಬದುಕು, ಕುರಿಹಾಲು ಒಡೆಸಿ ಹಿಂಡಿ ಗಟ್ಟಿಮಾಡಿದ ಗಿಣ್ಣೇ ಊಟ. ಪ್ರತಿ ಮನೆಯಲ್ಲೂ ಒಂದು ಜೋಡುಕಾವಲಿ ಇರುತ್ತಿತ್ತು. ಎರಡು ಕಬ್ಬಿಣದ ಹಲಗೆ, ನಡುವೆ ಕೀಲು, ಉದ್ದದ ಎರಡು ಹಿಡಿ, ಒಳಮೈಯಲ್ಲಿ ಚೌಕಚೌಕದ ಗುಳಿ. ಎರಡು ರೊಟ್ಟಿಗಳ ನಡುವೆ ಗಿಣ್ಣಿಟ್ಟು ಕಾವಲಿ ಮುಚ್ಚಿ ಕೆಂಡದ ಮೇಲಿಟ್ಟರೆ, ಗಿಣ್ಣು ಕರಗಿ, ಹೊರಗೆ ಜಿನುಗಿ, ಗುಳಿಗಿಳಿದು ಗರಿಗರಿಯಾಗುತ್ತಿತ್ತು.

ಮನೆಯಲ್ಲಿ ಎಷ್ಟು ಜನವೋ ಕಾವಲಿಯಲ್ಲಿ ಅಷ್ಟು ಗುಳಿ. ಮಗು ಹುಟ್ಟಿದರೆ ಕಮ್ಮಾರ ಬಂದು ಹೊಸ ಗುಳಿ ಬಡಿದುಕೊಡುತ್ತಿದ್ದ. ಬದುಕಿರುವವರ ಗುಳಿಯಲ್ಲಿ ಗಿಣ್ಣು ಹೊಂಬಣ್ಣಕ್ಕೆ ಬೇಯುತ್ತಿತ್ತು. ಸತ್ತವರ ಗುಳಿಯಲ್ಲಿ ಎಷ್ಟು ಬೆಂಕಿ ಹಾಕಿದರೂ ಬೆಳ್ಳಗೆ, ಹಸಿಯಾಗಿಯೇ ಉಳಿಯುತ್ತಿತ್ತು. ಆಗ ಕಮ್ಮಾರ ಮತ್ತೆ ಬಂದು ಆ ಗುಳಿಯನ್ನು ಬಡಿದು ಮಟ್ಟ ಮಾಡುತ್ತಿದ್ದ. ಬಡಿಯುವಾಗ ಕಾವಲಿಯ ಹಿಡಿ ಹಿಡಿದುಕೊಳ್ಳಬೇಕಾದವರು ಸತ್ತವರ ಮಕ್ಕಳು. ಅದು ಅಲ್ಲಿಯ ಪದ್ಧತಿ.

ಆ ರಾಜ್ಯದಲ್ಲಿ ಬೊಮ್ಮಕ್ಕ ಎಂಬ ಹುಡುಗಿಯಿದ್ದಳು. ಅಪ್ಪನ ಗುಳಿ ಮಟ್ಟವಾಗಿ ಬಹಳ ಕಾಲವಾಗಿತ್ತು. ಉಳಿದವರು ಅವ್ವ, ಅವಳು, ತಮ್ಮ ಮಾಳ. ಬೊಮ್ಮಕ್ಕನಿಗೆ ಎಲ್ಲದರಲ್ಲೂ ಅವಸರ. ರೊಟ್ಟಿ ಬೇಯುವ ಮೊದಲೇ ಕಾವಲಿ ತೆರೆದು ನೋಡುವಳು, ಹರಿದುಕೊಳ್ಳುವಳು, ಬೈಸಿಕೊಳ್ಳುವಳು.

ಬಿಳಿಗುಡ್ಡದ ಮೇಲೆ ಶೀತಕನೆಂಬ ಮಾಂತ್ರಿಕನಿದ್ದ. ಕುರಿ ಮೇಯಿಸುವ ಹುಡುಗರನ್ನು ಕರೆದು ಬಟ್ಟಲಲ್ಲಿ ತಣ್ಣನೆಯ ಮೊಸರು ಕೊಡುತ್ತಿದ್ದ. ಕುಡಿದವರು ಮನೆ ಮರೆತು, ಹೆಸರು ಮರೆತು, ಬಿಳಿ ಟಗರುಗಳಾಗಿ ಅವನ ದೊಡ್ಡಿ ಸೇರುತ್ತಿದ್ದರು. ಮಾಳನೂ ಹೋದ. ರಾಜಕುಮಾರನೂ ಹೋದ. ಹುಡುಕಲು ಹೋದ ಸೈನಿಕರೂ ಬಾಯಾರಿ ಮೊಸರು ಕುಡಿದು ಟಗರುಗಳಾದರು. ರಾಜ ಅತ್ತು ಅತ್ತು ಕೊನೆಗೆ, "ಹೋದವರ ಗುಳಿ ಮಟ್ಟ ಮಾಡಿಸಿ" ಎಂದು ಡಂಗುರ ಹೊಡೆಸಿದ. ರಾಜಾಜ್ಞೆಗೆ ಹೆದರಿ ಎಲ್ಲರೂ ಕಾವಲಿ ಕೊಟ್ಟರು, ಅವ್ವ ಮಾತ್ರ ಕೊಡಲಿಲ್ಲ.

"ನನ್ನ ಮಗನ ಗುಳಿ ದಿನಾ ಹೊನ್ನಿನ ಹಾಗೆ ಬೇಯ್ತದೆ," ಎಂದಳು. "ಬದುಕಿರೋನನ್ನ ಯಾಕೆ ಬಡೀಲಿ?"

ಆ ಕೊರಗಿನಲ್ಲೇ ಅವ್ವ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ಕಾವಲಿ ತಗೊಂಡು ಹೋಗು ಮಗಾ. ಮನೆ ರೊಟ್ಟಿ ಬಿಸಿಬಿಸಿಯಾಗಿ ಬಾಯಿಗೆ ಬಿದ್ದರೆ ಆ ತಣ್ಣನೆ ಮೊಸರಿನ ಮಾಯೆ ನಿಲ್ಲಲ್ಲ. ಆದರೆ ನೀನು ಅವಸರದ ಬೊಮ್ಮಿ. ಹಬೆ ನಿಲ್ಲೋವರೆಗೂ ತೆರೀಬೇಡ. ಯಾರು ಕರೆದರೂ ತೆರೀಬೇಡ. ನಾನೇ ಕರೆದರೂ ತೆರೀಬೇಡ."

ಪಕ್ಕದ ಮನೆಯ ಕಮ್ಮಾರನ ಹೆಂಡತಿ ಹಲಗವ್ವನಿಗೆ ಅವ್ವನನ್ನು ಒಪ್ಪಿಸಿ, ಕಾವಲಿಯ ಜೊತೆ ರೊಟ್ಟಿ ಗಿಣ್ಣಿನ ಬುತ್ತಿ ಕಟ್ಟಿಕೊಂಡು ಬೊಮ್ಮಕ್ಕ ಹೊರಟಳು.

ಕಣಿವೆಯ ಬಾಯಲ್ಲಿ ಕಲ್ಲಿನ ಹುಲಿ ಅಡ್ಡ ಮಲಗಿತ್ತು. "ಬಿಸಿಯಾದದ್ದು ತಿಂದು ಯುಗವಾಯಿತು. ಕೊಟ್ಟರೆ ದಾರಿ, ಇಲ್ಲದಿದ್ದರೆ ನೀನೇ ಊಟ," ಎಂದಿತು. ಬೊಮ್ಮಕ್ಕ ಕೆಂಡ ಮಾಡಿ ಕಾವಲಿ ಇಟ್ಟಳು. ಹುಲಿಯ ಬಾಯಿ ನೋಡಿ ಹೆದರಿ, ಹಬೆ ಹಾಯುತ್ತಿರುವಾಗಲೇ ತೆರೆದಳು. ರೊಟ್ಟಿ ಹರಿದು ಅರ್ಧ ಅತ್ತ, ಅರ್ಧ ಇತ್ತ ಅಂಟಿತು. ಹುಲಿ ಮೂಸಿ ಮುಖ ತಿರುಗಿಸಿತು. ಅವಳು ಅಳುತ್ತಾ ಕಾವಲಿ ಕೆರೆದು ಇನ್ನೊಂದು ಹಾಕಿ, ಈ ಸಲ ಕಾದಳು. ಹುಲಿ ತಿಂದು ಸರಿದು ಕೂತಿತು.

ಕಣಿವೆಯ ಆಚೆ ಪಾತಾಳದಂಥ ಕಂದಕ. ಅದರ ಅಂಚಿನಲ್ಲಿ ಕಬ್ಬಿಣದ ಕೊಕ್ಕಿನ ಹದ್ದು ಕೂತಿತ್ತು. "ಹಸಿಯೂ ಬೇಡ, ಸೀದದ್ದೂ ಬೇಡ. ಹದವಾಗಿ ಕೊಟ್ಟರೆ ದಾಟಿಸುತ್ತೇನೆ," ಎಂದಿತು. ಕಾವಲಿ ಇಟ್ಟದ್ದೇ ತಡ, "ಸೀಯಿತು, ತೆರೆ, ಸೀಯಿತು" ಎಂದು ರೆಕ್ಕೆ ಬಡಿದು ಗಲಾಟೆ ಎಬ್ಬಿಸಿತು. ಬೊಮ್ಮಕ್ಕ ಹಬೆಯನ್ನೇ ನೋಡುತ್ತಾ ಕೈಕಟ್ಟಿ ಕೂತಳು. ಹಬೆ ನಿಂತ ಮೇಲೆ ತೆರೆದಳು. ಹದ್ದು ತಿಂದು, ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಿಳಿಗುಡ್ಡಕ್ಕೆ ಇಳಿಸಿತು.

ದೊಡ್ಡಿಯಲ್ಲಿ ಎಲ್ಲ ಟಗರುಗಳೂ ಒಂದೇ ಥರ. ಒಂದರ ಎಡಗಿವಿಯ ಮೇಲೆ ಮಾತ್ರ ಮಾಳನ ಮಚ್ಚೆ. ಅವಳು ಅದರ ಕೊರಳು ತಬ್ಬಿದಳು. ಅದು ಗುರುತು ಹಿಡಿಯದೆ ಹುಲ್ಲು ಮೇಯುತ್ತಲೇ ಇತ್ತು. ಬೊಮ್ಮಕ್ಕ ಬುತ್ತಿ ಬಿಚ್ಚಿದರೆ ಒಂದೇ ರೊಟ್ಟಿಗಾಗುವಷ್ಟು ಗಿಣ್ಣು ಉಳಿದಿತ್ತು. ಹುಲಿಯ ಮುಂದೆ ಹರಿದುಹೋದದ್ದು ನೆನಪಾಗಿ ತನ್ನನ್ನೇ ಶಪಿಸಿಕೊಂಡಳು. ಕೆಂಡ ಹೊತ್ತಿಸಿ ಕಾವಲಿ ಇಟ್ಟಳು.

ಶೀತಕ ಬಂದ. ಬೆಂಕಿಯ ಹತ್ತಿರ ಬರಲಾರ, ಆದ್ದರಿಂದ ದೂರದಲ್ಲೇ ನಿಂತು ಬಟ್ಟಲು ಮುಂದೆ ಹಿಡಿದ. ಬಟ್ಟಲೊಳಗಿಂದ ಅವ್ವನ ದನಿ ಬಂತು.

"ಬೊಮ್ಮಿ. ಎಲ್ಲಿದೀಯೇ ಮಗಾ. ಬಾರೇ."

"ನಿನ್ನ ತಾಯಿಗೆ ಕೊನೆ ಗಳಿಗೆ," ಎಂದ ಶೀತಕ. "ನನ್ನದು ಕೆಟ್ಟ ಮನಸ್ಸಲ್ಲ ತಂಗಿ. ಕಾವಲಿ ತೆರೆದು ಎದ್ದು ಬಾ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಅವಳ ಹಾಸಿಗೆಯ ಪಕ್ಕದಲ್ಲಿರುತ್ತೀ."

ಬೊಮ್ಮಕ್ಕ ಇದು ಮೋಸ ಎಂದುಕೊಂಡಳು. ಮೋಸವಲ್ಲದಿದ್ದರೆ ಎಂದೂ ಅಂದುಕೊಂಡಳು. ಹಬೆ ಇನ್ನೂ ಹಾಯುತ್ತಿತ್ತು. ಅವ್ವ ಮತ್ತೊಮ್ಮೆ ಕರೆದಳು. ಬೊಮ್ಮಕ್ಕ ಏಳಲಿಲ್ಲ. ದನಿ ತಾನಾಗಿಯೇ ನಿಂತಿತು. ಆಮೇಲೆ ಹಬೆಯೂ ನಿಂತಿತು.

ತೆರೆದಳು. ಮಾಳನ ಗುಳಿಯಲ್ಲಿ ಗಿಣ್ಣು ಹೊಂಬಣ್ಣ. ತನ್ನದೂ ಹೊಂಬಣ್ಣ. ಅವ್ವನ ಗುಳಿಯಲ್ಲಿ ಬೆಳ್ಳಗೆ, ಹಸಿಯಾಗಿತ್ತು.

ಶೀತಕ ಜನ್ಮದಲ್ಲಿ ಒಮ್ಮೆ ನಿಜ ಹೇಳಿದ್ದ, ಅದೂ ಕೇಡಿಗೆ.

ಆ ಬಿಳಿ ಚೂರನ್ನು ತಮ್ಮ ಕಾಣದಂತೆ ಮುರಿದು ಅವಳೇ ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಬಿಸಿಬಿಸಿಯಾಗಿ ಟಗರಿನ ಬಾಯಿಗಿಟ್ಟಳು. ಅದು ಅಗಿಯಿತು, ನಿಂತಿತು, ಕಣ್ಣು ತುಂಬಿಕೊಂಡಿತು. "ನಾನು ಮಾಳ," ಎಂದಿತು. ಶೀತಕನ ಬಟ್ಟಲು ಸೀಳಿತು. ಅವನು ಒಡೆದ ಹಾಲಿನ ನೀರಾಗಿ ಗುಡ್ಡದಿಂದ ಹರಿದುಹೋದ. ದೊಡ್ಡಿಯ ತುಂಬ ರಾಜಕುಮಾರ, ಸೈನಿಕರು, ಹುಡುಗರು ಎದ್ದು ನಿಂತು ತಮ್ಮ ತಮ್ಮ ಹೆಸರು ಹೇಳಿಕೊಂಡರು.

ಅವರೆಲ್ಲ ಮನೆಗೆ ಮರಳಿದ ದಿನ ಊರೆಲ್ಲ ಹಬ್ಬ ಮಾಡುವಾಗ ಒಂದು ಮನೆಯ ಮುಂದೆ ಮಾತ್ರ ಕಮ್ಮಾರ ಸುತ್ತಿಗೆ ಹಿಡಿದು ಕಾದಿದ್ದ. ಅಕ್ಕ ಒಂದು ಹಿಡಿ, ತಮ್ಮ ಒಂದು ಹಿಡಿ ಹಿಡಿದರು.

"ಅವ್ವ ನಿನ್ನ ಕರೆದಳಾ ಅಕ್ಕಾ?" ಎಂದು ಕೇಳಿದ ಮಾಳ.

"ಕರೆದಳು."

"ನೀನು?"

ಹಲಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಡುವೆ ಬಂದಳು. "ಎರಡು ಸಲ ಕೂಗಿದಳು ಕಣವ್ವ. ಆಮೇಲೆ ತಾನೇ, 'ಬೇಡ, ಕೂಗಬಾರದು, ಮಗಳ ರೊಟ್ಟಿ ಬೇಯ್ತಿದೆ' ಅಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹಾಗೇ ಹೋದಳು."

ಸುತ್ತಿಗೆ ಬಿತ್ತು.

ಕೆಂಡಗಿರಿಯ ಜನ ಅಂದಿನಿಂದ ಸುಖವಾಗಿ ಬಾಳಿದರು. ಬೊಮ್ಮಕ್ಕನೂ ಸುಖವಾಗಿದ್ದಳೆಂದೇ ಹೇಳುತ್ತಾರೆ. ಮಾಳನಿಗೆ ಮದುವೆಯಾಯಿತು, ಕಾವಲಿಯಲ್ಲಿ ಹೊಸ ಗುಳಿಗಳು ಬಂದವು. ಅವಳು ಮತ್ತೆಂದೂ ಅವಸರಪಡಲಿಲ್ಲ. ಹಬೆ ನಿಂತ ಮೇಲೂ ಕಾವಲಿ ತೆರೆಯದೆ ಸ್ವಲ್ಪ ಹೊತ್ತು ಕೂತಿರುತ್ತಿದ್ದಳು, ಯಾರಾದರೂ ಕರೆಯುತ್ತಾರೇನೋ ಎಂದು.